ನದಿಗೆ ಬಿದ್ದ ಸೈಕಲ್

ಆ ಮನೆಯ ಹಜಾರಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದುದು ಗಡಿಯಾರವಲ್ಲ, ಮದುವೆಯ ಫೋಟೋಗಳಲ್ಲ, ಎರಡು ದಪ್ಪ ಕೊಕ್ಕೆಗಳ ಮೇಲೆ ಗೋಡೆಗೆ ನೇತುಹಾಕಿದ್ದ ಒಂದು ಕಪ್ಪು ಸೈಕಲ್. ಬಂದವರು ಅದೇನೆಂದು ಕೇಳಬೇಕು; ಕೇಳದಿದ್ದರೆ ಮಾವ ತಾವೇ ಕೆಮ್ಮಿ ಅತ್ತ ನೋಡುತ್ತಿದ್ದರು. ಅಲ್ಲಿಗೆ ಬಂದವರ ಕಥೆ ಮುಗಿಯಿತು. ಲೋಟದಲ್ಲಿನ ಚಹಾ ಆರಿ ತಣ್ಣಗಾದರೂ ಮಾವನ ಯುದ್ಧ ಮುಗಿಯುತ್ತಿರಲಿಲ್ಲ.

ನಿಜವಾದ ಯುದ್ಧ ಮುಗಿದು ನಲವತ್ತಮೂರು ವರ್ಷವಾಗಿತ್ತು. ಆಗ ಮಾವ ಇಪ್ಪತ್ತೈದರ ಸಿಪಾಯಿ. ಶತ್ರುಗಳು ನಾಡಿನ ಅರ್ಧ ಭಾಗ ನುಂಗಿ ಕೂತಿದ್ದಾಗ ಅವರ ಕೈಗೆ ಸಿಕ್ಕಿಬಿದ್ದು, ಸೆರೆಶಿಬಿರದಲ್ಲಿ ಹನ್ನೊಂದು ವಾರ ಒಂದೇ ಒಂದು ಚಮಚದಿಂದ ಸುರಂಗ ತೋಡಿ, ಹೊರಗೆ ಬಂದು, ಕಾವಲಿನವನ ಸೈಕಲ್ ಹಾರಿಸಿಕೊಂಡು ನಮ್ಮ ಸೈನ್ಯವಿದ್ದ ಕಡೆ ಸೇರಿಕೊಂಡರಂತೆ. ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಸುರಂಗ ಇಪ್ಪತ್ತು ಅಡಿ ಇತ್ತು. ಮೊಮ್ಮಗ ಹುಟ್ಟುವ ಹೊತ್ತಿಗೆ ಅರವತ್ತಾಯಿತು. ಶಾಲೆಗಳವರು ಭಾಷಣಕ್ಕೆ ಕರೆಯತೊಡಗಿದ ಮೇಲಂತೂ ಅದಕ್ಕೆ ಲಗಾಮೇ ಇಲ್ಲ. ಹೋದ ವರ್ಷ ಅದು ಒಂದು ಕೆರೆಯ ಅಡಿಯಿಂದ ಹಾದುಹೋಗಿತ್ತು. ಊರಿನ ಮಕ್ಕಳು ಅವರನ್ನು ಸುರಂಗಜ್ಜ ಎನ್ನುತ್ತಿದ್ದರು. ಮಾವನಿಗೆ ಆ ಹೆಸರು ಕೇಳಿದರೆ ಒಳಗೊಳಗೇ ಖುಷಿ.

ಒಂದೇ ತೊಡಕು. ಅದು ಲೇಡೀಸ್ ಸೈಕಲ್. ಸೀಟಿನಿಂದ ಹ್ಯಾಂಡಲ್ಲಿಗೆ ಬರಬೇಕಾದ ಅಡ್ಡ ಕಂಬಿ ಅದಕ್ಕಿರಲಿಲ್ಲ. ಆ ಕಂಬಿಯನ್ನು ಕಿತ್ತು ಸುರಂಗದಲ್ಲಿ ಕಲ್ಲು ಮೀಟಲು ಬಳಸಿದೆ ಎಂದು ಮಾವ ಹೇಳುತ್ತಿದ್ದರು. ಸುರಂಗದಿಂದ ಹೊರಗೆ ಬಂದಮೇಲೆ ಸಿಕ್ಕ ಸೈಕಲ್ಲಿನ ಕಂಬಿ ಸುರಂಗದ ಒಳಗೆ ಹೇಗೆ ಹೋಯಿತು ಎಂದು ಸೊಸೆ ಒಮ್ಮೆ, ಮದುವೆಯಾದ ಮೊದಲ ವರ್ಷ, ಬುದ್ಧಿ ಇಲ್ಲದೆ ಕೇಳಿಬಿಟ್ಟಿದ್ದಳು. ಆಗ ಮಾವನಿಗೆ ತಟ್ಟನೆ ಚಹಾ ಬೇಕಾಯಿತು. ಅವಳು ಒಳಗೆ ಹೋದಳು. ಆಮೇಲೆ ಹನ್ನೆರಡು ವರ್ಷ ತುಟಿ ಪಿಟಕ್ಕೆನ್ನಲಿಲ್ಲ.

ಆದರೆ ಆ ಸೈಕಲ್ಲಿನ ಸೇವೆ ಮಾತ್ರ ಅವಳದೇ. ಪುರಸಭೆ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಮುಗಿಸಿ ಬಂದು, ಪ್ರತಿ ಶನಿವಾರ ಸ್ಟೂಲ್ ಹತ್ತಿ, ಚಕ್ರದ ಕಡ್ಡಿ ಕಡ್ಡಿ ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ಹಿಂದಿನ ಕ್ಯಾರಿಯರಿಗೆ ಎರಡು ಚರ್ಮದ ಪಟ್ಟಿಗಳಿದ್ದವು, ಯಾವುದೋ ಪೆಟ್ಟಿಗೆ ಬಿಗಿಯಲು. ಅವನ್ನು ಮೇಣ ಹಚ್ಚಿ ತಿಕ್ಕಬೇಕು. ಸೀಟಿನ ಕೆಳಗೆ ಕೊರೆದಿದ್ದ ನಂಬರು ಅವಳ ಬೆರಳಿಗೇ ಬಾಯಿಪಾಠವಾಗಿತ್ತು: ನಾಲ್ಕು, ಒಂದು, ಒಂಬತ್ತು, ಸೊನ್ನೆ, ಆರು. ಒಂಬತ್ತರ ಬಾಲ ಸವೆದಿತ್ತು.

"ಇದರ ಮೇಲೇ ಕಣೇ ಇವರು ನನ್ನ ನೋಡೋಕೆ ಬಂದಿದ್ದು," ಎಂದು ಅತ್ತೆ ಸ್ಟೂಲಿನ ಕೆಳಗೆ ನಿಂತು ಪ್ರತಿ ಶನಿವಾರ ಹೇಳುತ್ತಿದ್ದರು. "ಯುದ್ಧ ಮುಗಿದ ವರ್ಷ. ಬಾಗಿಲಲ್ಲೇ ಬೆಲ್ ಹೊಡೆದ್ರು. ನಮ್ಮಪ್ಪ ಬೆಚ್ಚಿಬಿದ್ದಿದ್ರು."

ಹೀಗಿರುವಾಗ ಜಿಲ್ಲಾ ವಸ್ತುಸಂಗ್ರಹಾಲಯದವರಿಗೆ ಸೈಕಲ್ ಬೇಕಾಯಿತು. ಯುದ್ಧದ ವಸ್ತುಗಳಿಗೆಂದೇ ಹೊಸ ಕೋಣೆ ಕಟ್ಟಿಸಿದ್ದರು. ಅಲ್ಲಿನ ಅಧಿಕಾರಿ, ಜೇಬಿನಲ್ಲಿ ಸದಾ ಅಳತೆ ಟೇಪು ಇಟ್ಟುಕೊಂಡ ಕುಳ್ಳನೆಯ ಮನುಷ್ಯ, ಬಂದು ಸೈಕಲ್ಲಿನ ಉದ್ದಗಲ ಅಳೆದು, ಗಾಜಿನ ಪೆಟ್ಟಿಗೆ ಮಾಡಿಸುತ್ತೇವೆ ಎಂದ. ಮಾವ ಆ ದಿನ ಎರಡು ಸಲ ಶರ್ಟು ಬದಲಾಯಿಸಿದರು.

"ಒಂದೇ ಒಂದು ಕಾಗದ ಬೇಕು ಯಜಮಾನ್ರೇ," ಎಂದ ಅಧಿಕಾರಿ. "ಸೆರೆಯಿಂದ ತಪ್ಪಿಸಿಕೊಂಡು ಬಂದವರನ್ನೆಲ್ಲ ಸೈನ್ಯದವರು ಕೂರಿಸಿ ವಿಚಾರಿಸಿ, ಹೇಳಿಕೆ ಬರೆಸಿಕೊಂಡಿದ್ದರು. ನಲವತ್ತು ವರ್ಷ ಯಾರಿಗೂ ತೋರಿಸಬಾರದು ಅಂತ ಬೀಗ ಹಾಕಿಟ್ಟಿದ್ದರು. ಈಗ ಬಿಟ್ಟಿದ್ದಾರೆ. ಪತ್ರಾಗಾರದಿಂದ ನಿಮ್ಮ ಹೇಳಿಕೆಯ ನಕಲು ತಂದುಕೊಟ್ಟರೆ ಸಾಕು."

"ಅದೆಲ್ಲ ಸುಟ್ಟುಹೋಯ್ತಲ್ಲ," ಎಂದರು ಮಾವ.

"ಇಲ್ಲ ಸಾರ್, ಎಲ್ಲ ಭದ್ರವಾಗಿದೆ."

ಮಾವ ಅದನ್ನು ಕೇಳಿ ಸಂತೋಷಪಟ್ಟಂತೆ ಕಾಣಲಿಲ್ಲ. ಆದರೆ ಸೊಸೆ ಅದನ್ನು ಗಮನಿಸಿದ್ದು ಆಮೇಲೆ, ನೆನಪು ಮಾಡಿಕೊಂಡಾಗ. ಆಗ ಅವಳು ಬೇರೆ ಚಿಂತೆಯಲ್ಲಿದ್ದಳು, ಏಕೆಂದರೆ ಪತ್ರಾಗಾರ ಇದ್ದುದು ದೊಡ್ಡ ಊರಿನಲ್ಲಿ, ಗಂಡನಿಗೆ ಎಂದಿನಂತೆ ಬಿಡುವಿರಲಿಲ್ಲ, ಅತ್ತೆಗೆ ಮೊಣಕಾಲು ನೋವು. ಹೋಗಬೇಕಾದವರು ಯಾರೆಂದು ಹೇಳಬೇಕಾಗಿರಲಿಲ್ಲ. ಮೂರು ದಿನ ರಜೆ ಹಾಕಿ ಹೊರಟಳು.

ಪತ್ರಾಗಾರದಲ್ಲಿ ಚೀಲ ಹೊರಗಿಡಬೇಕು, ಪೆನ್ನು ಹೊರಗಿಡಬೇಕು, ಮಾತನ್ನೂ ಹೊರಗಿಡಬೇಕು. ಒಳಗೆ ಕೂತಿದ್ದ ದಾಖಲೆಗಳ ಮೇಲ್ವಿಚಾರಕಿ ಬಂದವರಿಗೆಲ್ಲ ಒಂದೊಂದು ಪೆನ್ಸಿಲ್ ಕೊಟ್ಟು, ಸಂಜೆ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದಳು. ಸೊಸೆ ಮನಸ್ಸಿನಲ್ಲೇ ಅವಳಿಗೆ ಪೆನ್ಸಿಲಮ್ಮ ಎಂದು ಹೆಸರಿಟ್ಟಳು. ಎರಡು ದಿನ ಪೆನ್ಸಿಲಮ್ಮ ಕಟ್ಟು ಕಟ್ಟು ಕಡತ ತಂದಿಟ್ಟಳು, ಎರಡು ದಿನ ಸೊಸೆ ದಾರ ಬಿಚ್ಚಿ ಕಟ್ಟಿದಳು. ಸೆರೆಯಿಂದ ತಪ್ಪಿಸಿಕೊಂಡವರ ಸಾಲಿನಲ್ಲಿ ಮಾವನ ಹೆಸರಿಲ್ಲ.

"ಸುರಂಗ ತೋಡಿದವರು ಕಣ್ರೀ," ಎಂದಳು ಸೊಸೆ. "ಚಮಚದಲ್ಲಿ."

"ಈ ತಿಂಗಳು ಸುರಂಗದವರು ನೀವು ಒಂಬತ್ತನೆಯವರು," ಎಂದಳು ಪೆನ್ಸಿಲಮ್ಮ, ಮುಖ ಎತ್ತದೆ. "ಮನೆಯವರು ಹೇಳೋ ಸುರಂಗ ಎಲ್ಲ ನಿಜವಾಗಿದ್ದರೆ ಆ ಕಡೆ ನೆಲ ಕುಸಿದು ಎಷ್ಟೋ ಕಾಲ ಆಗಬೇಕಿತ್ತು. ಪಕ್ಕದ ಬೀರು ನೋಡ್ತೀರಾ?"

"ಅದರಲ್ಲಿ ಏನಿದೆ?"

"ಇದು ಸಿಕ್ಕಿಬಿದ್ದು ತಪ್ಪಿಸಿಕೊಂಡವರದ್ದು. ಅದು ಸಿಕ್ಕಿಬೀಳದೆ ತಪ್ಪಿಸಿಕೊಂಡವರದ್ದು. ಶತ್ರುಗಳ ನಡುವೆ ಉಳಿದುಬಿಟ್ಟು, ಯಾರದೋ ಮನೇಲಿ ಬಚ್ಚಿಟ್ಟುಕೊಂಡಿದ್ದು, ಹಾಗೇ ನುಣುಚಿಕೊಂಡು ಬಂದವರು. ಅವರು ಜೈಲಿನ ಬಾಗಿಲೂ ನೋಡಿರಲ್ಲ. ಆದರೆ ಮನೆಯವರು ಎಲ್ಲರೂ ಮೊದಲು ಈ ಬೀರುವಿಗೇ ಬರ್ತಾರೆ."

ಹತ್ತು ನಿಮಿಷದಲ್ಲಿ ಮಾವ ಸಿಕ್ಕಿದರು. ಅದೇ ಹೆಸರು, ಅದೇ ಹುಟ್ಟಿದ ತಾರೀಖು, ಕೆಳಗೆ ಅದೇ ಸಹಿ, ಸಹಿಯ ಅಡಿಗೆ ಅದೇ ಸೊಟ್ಟ ಗೆರೆ. ಹೇಳಿಕೆ ಒಂದು ಪುಟವೂ ಇರಲಿಲ್ಲ. ದಳ ಹಿಂದೆ ಸರಿದಾಗ ತಾನು ಹಿಂದುಳಿದೆ. ಒಬ್ಬ ಸೂಲಗಿತ್ತಿಯ ಮನೆಯ ಅಟ್ಟದಲ್ಲಿ ಹನ್ನೊಂದು ವಾರ ಅಡಗಿದ್ದೆ. ಕೆಳಗೆ ಹೆರಿಗೆ ಆಗುತ್ತಿದ್ದುದರಿಂದ ಶತ್ರು ಸಿಪಾಯಿಗಳು ಬಾಗಿಲಿನಿಂದಲೇ ಹಿಂದೆ ಹೋಗುತ್ತಿದ್ದರು. ಕೊನೆಗೆ ಆಕೆಯ ಸೈಕಲ್ ಮೇಲೆ ಹೊರಟುಬಂದೆ. ಸೈಕಲ್ ಆಕೆಯೇ ಕೊಟ್ಟಳು.

ಸೊಸೆಗೆ ನಗು ಬಂತು. ಹನ್ನೊಂದು ವಾರ ಮಾತ್ರ ನಿಜ. ಉಳಿದದ್ದೆಲ್ಲ ಮಾವ ಅಟ್ಟದಿಂದ ನೆಲದಡಿಗೆ ಸಾಗಿಸಿದ್ದರು, ಅಷ್ಟೆ. ಅದರಲ್ಲೇನು ಮಹಾ ತಪ್ಪು? ಜೀವ ಉಳಿಸಿಕೊಂಡಿದ್ದಾರೆ, ಆಮೇಲೆ ಸ್ವಲ್ಪ ರೈಲು ಬಿಟ್ಟಿದ್ದಾರೆ. ಹಾಗಂದುಕೊಂಡೇ ಪುಟ ತಿರುಗಿಸಿದಳು. ಹಿಂದೆ ಆರು ಕಾಗದಗಳನ್ನು ಹೊಲಿದಿದ್ದರು. ಆರೂ ಸೂಲಗಿತ್ತಿಯವು, ಹನ್ನೆರಡು ವರ್ಷದಲ್ಲಿ ಬರೆದವು.

ಮೊದಲನೆಯದರಲ್ಲಿ ಹೀಗಿತ್ತು: "ನಿಮ್ಮ ಸಿಪಾಯಿ ಸುರಕ್ಷಿತವಾಗಿ ಮುಟ್ಟಿದ್ದರೆ ಸಂತೋಷ. ನಾನು ಒಂದು ಹೆರಿಗೆ ಮುಗಿಸಿ ಬಂದು ಕೈ ತೊಳೆಯಲು ಒಳಗೆ ಹೋದಾಗ ಅವನು ನನ್ನ ಸೈಕಲ್ ತೆಗೆದುಕೊಂಡು ಹೋದ. ಕರೆ ಬಂದರೆ ತಕ್ಷಣ ಹೊರಡಲು ಅದನ್ನು ಯಾವಾಗಲೂ ರಸ್ತೆಯ ಕಡೆ ಮುಖಮಾಡಿ ನಿಲ್ಲಿಸುತ್ತೇನೆ. ಅವನಿಗೆ ಅನುಕೂಲವಾಯಿತು. ದಯವಿಟ್ಟು ವಾಪಸ್ ಕಳಿಸಿ. ನಂಬರು 41906."

ಸೊಸೆಯ ಬೆರಳು ಮೇಜಿನ ಅಂಚನ್ನು ತಾನಾಗಿಯೇ ತಡವಿತು.

ಕಾಗದದ ಕೆಳಗೆ ಕಚೇರಿಯವರು ಮಾವನಿಂದ ಪಡೆದ ಉತ್ತರ ಅಂಟಿಸಿದ್ದರು. "ಸದರಿ ಸೈಕಲ್ ದಾರಿಯಲ್ಲಿ ನದಿಗೆ ಬಿದ್ದುಹೋಯಿತು. ನನ್ನ ಬಳಿ ಇಲ್ಲ." ಸಹಿ, ಸೊಟ್ಟ ಗೆರೆ.

ಮೂರನೆಯ ಕಾಗದ ಚಿಕ್ಕದು. "ಹೊಸ ಸೈಕಲ್ ಎಲ್ಲೂ ಸಿಗುತ್ತಿಲ್ಲ. ನಡೆದೇ ಹೋಗುತ್ತಿದ್ದೇನೆ. ಇಬ್ಬರ ಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟಲಾಗಲಿಲ್ಲ. ಒಂದು ಮನೆಯಲ್ಲಿ ಮಗು ಹೋಯಿತು, ಇನ್ನೊಂದರಲ್ಲಿ ತಾಯಿ. ಇದನ್ನು ನಿಮ್ಮ ಸಿಪಾಯಿಗೆ ತಿಳಿಸಿ." ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ತಿಳಿಸಲಾಗಿದೆ' ಎಂದು ಬರೆದಿತ್ತು. ತಿಳಿದುಕೊಂಡಿದ್ದೇನೆ ಎಂಬುದಕ್ಕೆ ಮಾವನ ಸಹಿ ಇತ್ತು. ತಾರೀಖು ಅತ್ತೆಯ ಮದುವೆಯ ವರ್ಷದ್ದು, ಬಾಗಿಲಲ್ಲಿ ಬೆಲ್ ಹೊಡೆದ ವರ್ಷದ್ದು.

ಅವಳಿಗೆ ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷ, ಶನಿವಾರ ಶನಿವಾರ, ತಾನು ಮೇಣ ಹಚ್ಚಿ ತಿಕ್ಕಿದ ಆ ಎರಡು ಪಟ್ಟಿಗಳು ಯಾವ ಪೆಟ್ಟಿಗೆ ಬಿಗಿಯಲು ಇದ್ದವೆಂದು ಈಗ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿತು. ಪೆನ್ಸಿಲಮ್ಮ ಎದ್ದು ಬಂದಳು, ಸಮಾಧಾನ ಮಾಡಲು ಅಲ್ಲ, ಕಡತವನ್ನು ಒಂದು ಗೇಣು ಆಚೆ ಸರಿಸಲು.

"ನೀರು ಬಿದ್ದರೆ ಶಾಯಿ ಹರಡುತ್ತೆ," ಎಂದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಕೊನೇದು ಓದಿದ್ರಾ?" ಎಂದಳು.

ಕೊನೆಯ ಕಾಗದದಲ್ಲಿ ಒಂದೇ ಸಾಲು ಇತ್ತು: "ಯಾವ ನದಿ ಎಂದು ತಿಳಿಸಿದರೆ ನಾನೇ ಹೋಗಿ ಹುಡುಕುತ್ತೇನೆ."

"ಈಕೆ ಇದ್ದಾರಾ ಈಗ?" ಎಂದು ಸೊಸೆ ಕೇಳಿದಳು.

"ನೆರವಾದವರಿಗೆಲ್ಲ ಸರ್ಕಾರ ವರ್ಷಕ್ಕೊಂದು ಶುಭಾಶಯದ ಕಾರ್ಡ್ ಕಳಿಸುತ್ತೆ. ಸತ್ತರೆ ಕಾರ್ಡ್ ವಾಪಸ್ ಬರುತ್ತೆ. ಈಕೇದು ಇನ್ನೂ ಬಂದಿಲ್ಲ." ಪೆನ್ಸಿಲಮ್ಮ ವಿಳಾಸ ಬರೆದುಕೊಟ್ಟಳು, ಪ್ರತಿ ಪುಟದ ನಕಲಿಗೂ ಸೀಲು ಒತ್ತಿದಳು, ಪೆನ್ಸಿಲ್ ವಾಪಸ್ ಇಸಿದುಕೊಂಡಳು.

ಊರಿಗೆ ಬಂದು ಮೊದಲು ಗಂಡನಿಗೆ ತೋರಿಸಿದಳು. ಅವನು ಎಲ್ಲ ಓದಿ, ಬಾಗಿಲು ಹಾಕಿ ಬಂದ.

"ಈಗ ಇದನ್ನೆಲ್ಲ ಯಾಕೆ ಕೆದಕ್ತೀಯ?" ಎಂದ. "ಮೊದಲನೇ ಪುಟ ಮಾತ್ರ ಕೊಡೋಣ. ನಂಬರ್ ಮೇಲೆ ಒಂದು ಕೋಟ್ ಬಣ್ಣ ಹೊಡೆಸಿದ್ರೆ ಆಯ್ತು."

"ಗಾಜಿನ ಪೆಟ್ಟಿಗೆಗೆ ಹೋದ್ರೆ ಅದು ಇನ್ನು ಈಚೆ ಬರಲ್ಲ ಕಣ್ರೀ. ಆ ಅಮ್ಮ ಇನ್ನೂ ಇದ್ದಾರೆ. ಅವರಿಗೆ ವಾಪಸ್ ಹೋಗಬೇಕು."

"ಎಪ್ಪತ್ತು ದಾಟಿರೋ ಮುದುಕಿ ಸೈಕಲ್ ತಗೊಂಡು ಏನು ಮಾಡ್ತಾರೆ?"

"ನಿಮ್ಮಪ್ಪ ಏನು ಮಾಡ್ತಿದ್ದಾರೆ?" ಎಂದಳು ಸೊಸೆ. ಗಂಡ ತಲೆನೋವು ಎಂದು ಮಲಗಿದ.

ಭಾನುವಾರ ಬೆಳಿಗ್ಗೆ ಅಧಿಕಾರಿ ಬಂದ. ಮಾವ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಸೈಕಲ್ಲಿನ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸೊಸೆ ಚಹಾದ ಜೊತೆ ಇಡೀ ಕಟ್ಟನ್ನು ತಂದು ಅಧಿಕಾರಿಯ ಮುಂದಿಟ್ಟಳು. ಒಂದು ಪುಟವನ್ನೂ ಹಿಂದೆ ಇಟ್ಟುಕೊಂಡಿರಲಿಲ್ಲ. ಅವನು ಉತ್ಸಾಹದಿಂದ ಜೋರಾಗಿ ಓದತೊಡಗಿದ, ಅಟ್ಟ ಬಂದಾಗ ದನಿ ಇಳಿಯಿತು, ಆರನೆಯ ಕಾಗದಕ್ಕೆ ಬರುವಾಗ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ.

"ಸಾರ್, ಇದರ ಪ್ರಕಾರ ನೀವು ಸೆರೆಯಲ್ಲಿ ಇರಲೇ ಇಲ್ಲ."

"ಕಚೇರಿಯವರು ತಪ್ಪು ಬರೆದುಕೊಂಡಿದ್ದಾರೆ," ಎಂದರು ಮಾವ.

"ಸಹಿ ನಿಮ್ಮದೇ ಅಲ್ವಾ?"

ಮಾವ ಸೊಸೆಯ ಕಡೆ ನೋಡಿದರು. ಹನ್ನೆರಡು ವರ್ಷ ಚಹಾ ತರಲು ಕಳಿಸಿದ ನೋಟವೇ ಅದು. ಆದರೆ ಚಹಾ ಆಗಲೇ ಮೇಜಿನ ಮೇಲಿತ್ತು.

ಅಧಿಕಾರಿ ಕೆಟ್ಟವನಲ್ಲ. ತನ್ನ ಕಡತ ಸರಿಯಾಗಿರಬೇಕು ಎನ್ನುವ ಮನುಷ್ಯ, ಅಷ್ಟೆ. ಟೇಪನ್ನು ಎಳೆದು ಬಿಡುತ್ತಾ ಹೇಳಿದ: "ನೋಡಿ, ಎರಡೇ ದಾರಿ. ಗೋಡೆ ಮೇಲಿರೋದು ಈ ಕಾಗದದಲ್ಲಿರೋ ಸೈಕಲ್ಲೇ ಆದರೆ ನಾವು ಖಂಡಿತ ತಗೋತೀವಿ. ಆದರೆ ದಾನಪತ್ರಕ್ಕೆ ಆ ಸೂಲಗಿತ್ತಿ ಸಹಿ ಹಾಕಬೇಕು, ಹೆಸರಿನ ಫಲಕದಲ್ಲಿ ಅವರ ಹೆಸರು ಬರಬೇಕು. ಇಲ್ಲ, ಆ ಸೈಕಲ್ ನದಿಗೆ ಬಿದ್ದಿದ್ದು ನಿಜ ಅಂದರೆ, ಇದು ಯಾವುದೋ ಹಳೇ ಲೇಡೀಸ್ ಸೈಕಲ್. ನಮಗೆ ಬೇಡ. ಯಾವುದು ನಿಜ ಸಾರ್?"

ಮಾವನ ಮುಖದಲ್ಲಿ ಗಾಜಿನ ಪೆಟ್ಟಿಗೆ ಒಂದು ಸಲ ಹತ್ತಿರ ಬಂತು, ಒಂದು ಸಲ ದೂರ ಹೋಯಿತು. ಸೊಸೆ ಕಾದಳು. ನಿಜ ಹೇಳಲಿ, ಒಂದೇ ಮಾತಿನಲ್ಲಿ ಹೇಳಲಿ, ಹೆದರಿದ್ದೆ, ಕದ್ದೆ, ಆಮೇಲೆ ನಾಚಿಕೆಯಾಯಿತು ಅನ್ನಲಿ, ಇವತ್ತಿನಿಂದ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇನೆ ಇವರನ್ನು ಎಂದುಕೊಂಡಳು. ಹಾಗೆ ಬಯಸಿದ್ದು ಸುಳ್ಳಲ್ಲ.

"ನದಿಗೆ ಬಿದ್ದಿದ್ದೇ ನಿಜ," ಎಂದರು ಮಾವ.

"ಹಾಗಾದ್ರೆ ಇದು?"

"ಇದು... ಯುದ್ಧ ಆದಮೇಲೆ ಹಳೇ ಸಾಮಾನಿನ ಅಂಗಡೀಲಿ ತಗೊಂಡಿದ್ದು. ಅದರ ನೆನಪಿಗೆ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಲವತ್ತಮೂರು ವರ್ಷ ಇದೇ ಕಥೆಗೆ ತಲೆದೂಗಿದ ಹೆಂಗಸು. "ಹಳೇ ಸಾಮಾನಿನ ಅಂಗಡೀದಾ?" ಎಂದರು. "ಶತ್ರುಗಳ ಕಾವಲಿನವನದ್ದು ಅಂತ ನಮ್ಮಪ್ಪನ ಮುಂದೆ ಹೇಳಿದ್ರಲ್ಲ. ಅದಕ್ಕೇ ತಾನೇ ಅಪ್ಪ ಒಪ್ಪಿದ್ದು?" ಮಾವ ಚಹಾಕ್ಕೆ ಕೈ ಹಾಕಿದರು. ಅತ್ತೆ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.

"ಒಂದು ಸಾಲು ಬರೆದುಕೊಟ್ಟುಬಿಡಿ ಮಾವ," ಎಂದಳು ಸೊಸೆ. "ಇವರ ಕಡತಕ್ಕೆ ಬೇಕಾಗುತ್ತೆ." ಹಿಂದಿನ ದಿನ ಕಚೇರಿಯಲ್ಲೇ ಎರಡೂ ಉತ್ತರಕ್ಕೆ ಒಂದೊಂದು ಹಾಳೆ ಟೈಪು ಮಾಡಿಟ್ಟಿದ್ದಳು. ನದಿಯ ಹಾಳೆಯನ್ನು ಮುಂದೆ ಸರಿಸಿದಳು. ಗೋಡೆಯ ಮೇಲಿನ ಸೈಕಲ್ಲಿಗೂ ತನ್ನ ಯುದ್ಧಕ್ಕೂ ಸಂಬಂಧವಿಲ್ಲ, ಅದರ ಮೇಲೆ ತನಗೆ ಯಾವ ಆಸೆಯೂ ಇಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಅದರಲ್ಲಿತ್ತು. ಮಾವ ಅವಸರದಲ್ಲಿ ಸಹಿ ಹಾಕಿದರು. ಗೆರೆ ಈ ಸಲವೂ ಸೊಟ್ಟಗೇ ಬಂತು.

ಶನಿವಾರ ಅವಳು ಎಂದಿನಂತೆ ಸ್ಟೂಲ್ ಹತ್ತಿದಳು. ಎಣ್ಣೆ ಬಿಟ್ಟಳು, ಕಡ್ಡಿ ಒರೆಸಿದಳು, ಆಮೇಲೆ ಕೊಕ್ಕೆಯಿಂದ ಸೈಕಲ್ಲನ್ನು ಇಳಿಸಿದಳು. ಗಂಡ ಗೊಣಗುತ್ತಲೇ ಒಂದು ಕಡೆ ಹಿಡಿದುಕೊಂಡ. ಗೋಡೆಯ ಮೇಲೆ ಸೈಕಲ್ಲಿನ ಆಕಾರದಲ್ಲಿ ಬಿಳಿ ಬಣ್ಣ ಹೊಸದಾಗಿ ಉಳಿದಿತ್ತು. ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತಲಿಲ್ಲ. ಅವಳು ಗೇಟು ದಾಟುವಾಗ ಮಾತ್ರ ಪೇಪರಿನ ಹಿಂದಿನಿಂದ ದನಿ ಬಂತು.

"ಇಳಿಜಾರಲ್ಲಿ ಚೈನ್ ಕಳಚುತ್ತೆ. ಹುಷಾರು."

ಸೂಲಗಿತ್ತಿಯ ಊರಿಗೆ ಅರ್ಧ ದಿನದ ದಾರಿ. ಸೈಕಲ್ ಬಸ್ಸಿನ ತಲೆಯ ಮೇಲೆ ಹೋಯಿತು. ಮನೆ ರಸ್ತೆಯ ಅಂಚಿನಲ್ಲೇ ಇತ್ತು, ಮೇಲೆ ಸಣ್ಣ ಕಿಟಕಿಯ ಅಟ್ಟ. ಬಾಗಿಲು ತೆರೆದ ಮುದುಕಿ ತೆಳ್ಳಗೆ, ನೆಟ್ಟಗೆ ಇದ್ದಳು. ಸೊಸೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬೇಕಾಗಲೇ ಇಲ್ಲ. ಮುದುಕಿ ಮೆಟ್ಟಿಲಿಳಿದು ಬಂದು, ಸೀಟಿನ ಕೆಳಗೆ ಕೈ ಹಾಕಿ, ಬೆರಳಲ್ಲೇ ನಂಬರು ಓದಿದಳು. ಒಂಬತ್ತರ ಮೇಲೆ ಬೆರಳು ಒಂದು ಕ್ಷಣ ನಿಂತಿತು.

"ನದಿಗೆ ಬಿದ್ದ ಸೈಕಲ್ಲಿಗೆ ತುಕ್ಕೇ ಹಿಡಿದಿಲ್ಲ," ಎಂದಳು.

"ನಾನು ಎಣ್ಣೆ ಹಾಕ್ತಿದ್ದೆ ಅಮ್ಮ. ವಾರವಾರ. ನಾನು ಅವರ ಸೊಸೆ. ಯಾರದು ಅಂತ ಗೊತ್ತಿರಲಿಲ್ಲ."

"ಅವನಿದ್ದಾನಾ?"

"ಇದ್ದಾರೆ."

"ಅವನೇ ಕಳಿಸಿದ್ನಾ?"

ಸುಳ್ಳು ಹೇಳಲು ಒಳ್ಳೆಯ ಅವಕಾಶ. ಸೊಸೆ ತಲೆ ಅಡ್ಡ ಆಡಿಸಿದಳು. ಮುದುಕಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬೆಲ್ಲನ್ನು ಒಮ್ಮೆ ಒತ್ತಿ ನೋಡಿದಳು, ಚರ್ಮದ ಪಟ್ಟಿಗಳನ್ನು ಎಳೆದು ನೋಡಿದಳು, ಎರಡು ಮನೆಗಳ ಹೆಸರು ಹೇಳಿದಳು. ಒಂದರಲ್ಲಿ ಹೋದದ್ದು ಮಗು ಎಂದಳು, ಇನ್ನೊಂದರಲ್ಲಿ ಹೋದ ತಾಯಿಯ ವಯಸ್ಸು ಹೇಳಿದಳು. ಇಪ್ಪತ್ತು.

"ಅಲ್ಲಿ ನಿಲ್ಲಿಸು," ಎಂದಳು ಆಮೇಲೆ. "ಹಾಗಲ್ಲ. ರಸ್ತೆ ಕಡೆ ಮುಖಮಾಡಿ."

ಸೊಸೆ ಸೈಕಲ್ಲನ್ನು ತಿರುಗಿಸಿ ನಿಲ್ಲಿಸಿದಳು. ಮುದುಕಿ ಒಳಗೆ ಹೋದಳು. ಏನೋ ಪೆಟ್ಟಿಗೆ ಎಳೆದ ಸದ್ದಾಯಿತು. ಈಚೆ ಬಂದಾಗ ಅವಳ ಕೈಯಲ್ಲಿ ಒಂದು ಕಬ್ಬಿಣದ ಸರಪಳಿ, ಒಂದು ಬೀಗ. ಬೀಗಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಮೊದಲನೇ ಕಾಗದ ಬರೆದ ದಿನ ತಂದಿದ್ದು," ಎಂದಳು. ಬಗ್ಗಿ ಹಿಂದಿನ ಚಕ್ರಕ್ಕೆ ಸರಪಳಿ ಸುತ್ತಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ತನ್ನ ಜೇಬಿಗೆ ಇಳಿಬಿಟ್ಟಳು. "ಬೇಜಾರು ಮಾಡ್ಕೋಬೇಡಮ್ಮ. ನೀನೂ ಆ ಮನೆಯವಳೇ ಅಲ್ವಾ."

ಆಮೇಲೆ ಬಾಗಿಲು ಪೂರ್ತಿ ತೆರೆದು, ಒಳಗೆ ಬಾ, ಚಹಾ ಕುಡಿದು ಹೋಗು ಎಂದಳು. ತಾನು ಕೈ ತೊಳೆದು ಬರುತ್ತೇನೆ, ಅಲ್ಲಿಯವರೆಗೆ ತನ್ನ ಕಣ್ಣಿಗೆ ಕಾಣುವ ಹಾಗೆ ಈ ಕುರ್ಚಿಯಲ್ಲೇ ಕೂತಿರು ಎಂದೂ ಹೇಳಿದಳು. ಸೊಸೆ ಕೂತಳು.